ಎಲ್‌ಎಂ75: ಬಿಸಿಯಾದಾಗ ಸುಮ್ಮನೆ, ತಣ್ಣಗಾದಾಗ ಬಜರ್!

ಹೀಟ್‌ಸಿಂಕ್ ಹನುಮ: ಮನೆಯ ಇನ್ವರ್ಟರ್ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹ) ಮೇಲೆ ಎಲ್‌ಎಂ75 ಅನ್ನುವ ತಾಪಮಾನ ಅಳೆಯುವ ಚಿಪ್ ಕೂರಿಸಿದ್ದೇನೆ. ಅದರ ಅಲಾರಂ ಪಿನ್ ಆದ ಓಎಸ್ ಪಿನ್‌ಗೆ 10ಕೆ ಪುಲ್‌ಅಪ್ (ಲೈನನ್ನು ಹೈಗೆ ಎಳೆದಿಡುವ ರೆಸಿಸ್ಟರ್), ಅಲ್ಲಿಂದ ಪಿಎನ್‌ಪಿ ಟ್ರಾನ್ಸಿಸ್ಟರ್ (ಲೈನ್ ಲೋ ಆದರೆ ಆನ್), ಅದರಾಚೆ ಬಜರ್. ಮಿತಿ 80 ಡಿಗ್ರಿ, ಹಿಸ್ಟರಿಸಿಸ್ (ಇಳಿಯುವಾಗಿನ ಮಿತಿ) 75. ಎರಡೂ ಚಿಪ್ ಜೊತೆ ಬಂದವೇ, ನಾನು ಮುಟ್ಟಿಲ್ಲ. 80 ದಾಟಿದಾಗ ಬಜರ್ ಒಂದು ಸಲ ಕುಯ್ಯೆಂದು ಸುಮ್ಮನಾಗುತ್ತದೆ. ಡಿಸ್‌ಪ್ಲೇಯಲ್ಲಿ 88 ಇದ್ದರೂ ಸದ್ದಿಲ್ಲ. ಫ್ಯಾನ್ ಹಾಕಿ 75ರ ಕೆಳಗಿಳಿಸಿದರೆ ಮತ್ತೆ ಕುಯ್ ಅನ್ನುತ್ತದೆ! ಕೋಡ್ ಸೆಕೆಂಡಿಗೊಮ್ಮೆ ಟೆಂಪರೇಚರ್ ಓದುತ್ತದೆ, ಶುರುವಿನಲ್ಲಿ ಚಿಪ್‌ನ ಸೆಟ್ಟಿಂಗ್ ಇರುವ ಕಾನ್ಫಿಗ್ ರಿಜಿಸ್ಟರ್‌ಗೆ 02 ಬರೆಯುತ್ತದೆ (ಎಲ್ಲಿಂದಲೋ ಕಾಪಿ ಹೊಡೆದದ್ದು). ಚಿಪ್ ಡೂಪ್ಲಿಕೇಟಾ?

ಬೆಸುಗೆ ಭಟ್: ಚಿಪ್ ಸರಿ ಉಂಟು ಮಾರಾಯ್ರೆ. 02 ಅಂದರೆ ಇಂಟರಪ್ಟ್ ಮೋಡ್. ಮಿತಿ ದಾಟಿದಾಗ ಪಿನ್ ಲೋ ಆಗ್ತದೆ, ನೀವು ಯಾವ ರಿಜಿಸ್ಟರ್ ಓದಿದರೂ ಬಿಟ್ಟುಬಿಡ್ತದೆ. ಆಮೇಲೆ ಮತ್ತೆ ಲೋ ಆಗುವುದು 75ರ ಕೆಳಗೆ ಇಳಿದಾಗಲೇ. ನಿಮ್ಮ ಕೋಡ್ ಸೆಕೆಂಡಿಗೊಮ್ಮೆ ಓದ್ತದಲ್ಲ, ಅದೇ ಅಲಾರಂ ಅಳಿಸುವುದು. 00 ಬರೆಯಿರಿ, ಕಂಪ್ಯಾರೇಟರ್ ಮೋಡ್‌ಗೆ ಬರ್ತದೆ. 80ರಿಂದ ಮೇಲೆ ಹೋಗಿ 75ಕ್ಕೆ ಇಳಿಯುವವರೆಗೂ ಕೂಗ್ತಾ ಇರ್ತದೆ. ಮುಗೀತು.

ಹುಬ್ಬಳ್ಳಿ ವೋಲ್ಟ್: "ಮುಗೀತು" ಅಂತ ಅಷ್ಟು ಲಗೂನ ಹೇಳಬ್ಯಾಡ್ರಿ ಭಟ್ರ. ಪಿನ್ ಓಪನ್ ಡ್ರೇನ್ ಐತಿ, ಅಂದ್ರ ಲೋಗೆ ಎಳೀತೈತಿ ಅಷ್ಟ, ಹೈ ಮಾಡೂದು ಪುಲ್‌ಅಪ್. ಲೋ ಆದ್ರ ಫಾಲ್ಟು, ಹೈ ಇದ್ರ ಆರಾಮ. ಈಗ ಆ ವೈರ್ ಕಟ್ ಆತು ಅಂತ ಇಟ್ಕೋರಿ. ಪುಲ್‌ಅಪ್ ಲೈನನ್ನ ಹೈ ಹಿಡೀತೈತಿ. ಹೀಟ್‌ಸಿಂಕ್ ಕೆಂಪಗಾದ್ರೂ ಬಜರ್ "ಎಲ್ಲಾ ಆರಾಮ" ಅಂತೈತಿ. ಚಿಪ್ ಸತ್ರೂ ಅದೇ ಕಥಿ. ಇದಕ್ಕ ಅಲಾರಂ ಅಂತಾರೇನ್ರಿ?

ಕರ್ನಲ್ ಕಮಲಿ: ಹನುಮ ಅವರ ಪ್ರಶ್ನೆಗೇ ಇನ್ನೊಂದು ಮಾತು. ಓದಿದರೆ ಅಳಿಸುವುದು ಎಲ್‌ಎಂ75 ಒಂದರದೇ ಚಾಳಿಯಲ್ಲ. ಮದರ್‌ಬೋರ್ಡ್‌ನ ವೋಲ್ಟೇಜ್ ನೋಡುವ ಎಲ್‌ಎಂ80ರಲ್ಲೂ ಸ್ಟೇಟಸ್ ರಿಜಿಸ್ಟರ್ ಓದಿದ ಕೂಡಲೇ ಅಲಾರಂ ಬಿಟ್ ಅಳಿಸಿಹೋಗುತ್ತದೆ. ಆದರೆ ವೋಲ್ಟೇಜ್ ಇನ್ನೂ ಮಿತಿಯ ಹೊರಗಿದ್ದರೆ ಮುಂದಿನ ಸುತ್ತಿನಲ್ಲಿ ಬಿಟ್ ಮತ್ತೆ ಏಳುತ್ತದೆ. ಎಲ್‌ಎಂ75 ಇಂಟರಪ್ಟ್ ಮೋಡ್‌ನಲ್ಲಿ ಹಾಗೆ ಏಳುವುದಿಲ್ಲ. ಇನ್ನೊಂದು, ಎಲ್‌ಎಂ80ರಲ್ಲಿ ಪ್ರತಿ ವೋಲ್ಟೇಜ್‌ಗೂ ಮೇಲಿನ ಮಿತಿ, ಕೆಳಗಿನ ಮಿತಿ ಎರಡೂ ಇವೆ. ಇನ್‌ಪುಟ್ ಕಿತ್ತುಹೋಗಿ ಸೊನ್ನೆಗೆ ಇಳಿದರೆ ಕೆಳಗಿನ ಮಿತಿ ಹಿಡಿಯುತ್ತದೆ.

ಬೆಸುಗೆ ಭಟ್: @ಹುಬ್ಬಳ್ಳಿ "ಅಲಾರಂ ಅಂತಾರೇನ್ರಿ" ಅಂತ ಕೇಳಿದ್ರಲ್ಲ, ಪ್ರಪಂಚವೇ ಅನ್ನುತ್ತದೆ. ಒಂದು ಬಸ್ (ಚಿಪ್‌ಗಳು ಹಂಚಿಕೊಳ್ಳುವ ಡೇಟಾ ವೈರ್‌ಗಳು) ಮೇಲೆ 8 ಎಲ್‌ಎಂ75 ಹಾಕಬಹುದು. ಎಂಟೂ ಓಎಸ್ ಪಿನ್‌ಗಳನ್ನು ಒಂದೇ ವೈರಿಗೆ ಕಟ್ಟಿ, ಒಂದು ಪುಲ್‌ಅಪ್ ಸಾಕು. ಯಾವುದು ಎಳೆದರೂ ಲೈನ್ ಲೋ. ಎಸ್‌ಎಂಬಸ್ ಅನ್ನುವ ಇಂಥದೇ ಬಸ್‌ನ ಅಲರ್ಟ್ ಲೈನ್ ಸಹ ಇದೇ ಲೆಕ್ಕ. ಹೈ ಅಂದ್ರೆ ಫಾಲ್ಟ್ ಮಾಡಿ ನೋಡುವ, ಎಂಟು ವೈರ್ ಎಳೀಬೇಕು.

ಹುಬ್ಬಳ್ಳಿ ವೋಲ್ಟ್: ಹನುಮಣ್ಣನ ಮನ್ಯಾಗ ಎಂಟು ಚಿಪ್ ಅದಾವೇನ್ರಿ? ಒಂದ ಐತಿ.

ಹಳೇ ಟೆಸ್ಟ್‌ಬೆಂಚ್: ಲೋ ಅಂದರೆ ಫಾಲ್ಟ್ ಅನ್ನುವುದಕ್ಕೆ ಕಾರಣ ವೈರ್ ಉಳಿಸುವುದು ಮಾತ್ರ ಅಲ್ಲ. ಸಪ್ಲೈ ಕುಸಿಯುವಾಗ ಹೈ ಕೊಡಲು ಚಿಪ್‌ನಲ್ಲಿ ವೋಲ್ಟೇಜೇ ಇರುವುದಿಲ್ಲ, ಗ್ರೌಂಡ್ ಮಾತ್ರ ಉಳಿದಿರುತ್ತದೆ. ಸಪ್ಲೈ ಇಳಿದರೆ ಪ್ರೊಸೆಸರನ್ನು ರೀಸೆಟ್ ಮಾಡುವ ಮ್ಯಾಕ್ಸ್809 ಚಿಪ್ ನೋಡಿ. 3.3 ವೋಲ್ಟ್‌ಗೆ ಹಾಕುವ 'ಟಿ' ಮಾದರಿ 3.08ಕ್ಕೆ ಇಳಿದರೆ ರೀಸೆಟ್ ಲೋ ಮಾಡುತ್ತದೆ, ಸಪ್ಲೈ 1 ವೋಲ್ಟ್‌ಗೆ ಇಳಿದರೂ ಲೋ ಬಿಡುವುದಿಲ್ಲ. ನಲವತ್ತು ವರ್ಷ ಬೋರ್ಡ್ ರಿಪೇರಿ ಮಾಡಿದವನು ಹೇಳುತ್ತಿದ್ದೇನೆ.

ಹುಬ್ಬಳ್ಳಿ ವೋಲ್ಟ್: ನಲವತ್ತು ವರ್ಷಕ್ಕ ನಮಸ್ಕಾರ್ರಿ ಸರ. ಆದ್ರ ಮ್ಯಾಕ್ಸ್809 ಕೂಡೋದು ಪ್ರೊಸೆಸರ್ ಬಾಜೂಕ, ಟ್ರ್ಯಾಕ್ ಎರಡು ಸೆಂಟಿಮೀಟರ್. ಇಲ್ಲಿ ಇನ್ವರ್ಟರ್ ಡಬ್ಬಿಯಿಂದ ಬಜರ್‌ಗೆ ಉದ್ದನ್ನ ವೈರ್ ಐತಿ, ಇಲಿ ಅದಾವ. ಕಾನ್ಫಿಗ್‌ನ್ಯಾಗ ಪೋಲಾರಿಟಿ ಬಿಟ್ ಐತಲ್ಲ? 04 ಬರೀರಿ. ಕಂಪ್ಯಾರೇಟರ್ ಮೋಡ್ ಹಂಗ ಇರ್ತೈತಿ, ಆರಾಮಿದ್ದಾಗ ಲೋ, ಫಾಲ್ಟಿಗೆ ಹೈ. ಪಿಎನ್‌ಪಿ ತಗದು ಹೈ ಆದ್ರ ಆನ್ ಆಗೋ ಎನ್‌ಪಿಎನ್ ಹಾಕ್ರಿ. ವೈರ್ ಹರಿದ್ರೂ ಕೂಗತೈತಿ, ಚಿಪ್ ಸತ್ರೂ ಕೂಗತೈತಿ.

ಬೆಸುಗೆ ಭಟ್: "04 ಬರೀರಿ" ಅಂತೆ! ಯಾರು ಬರೆಯುವುದು? ಪವರ್ ಬಂದಾಗ ಆ ಬಿಟ್ ಸೊನ್ನೆ. ಕೋಡ್ ಬೂಟ್ ಆಗಿ ಬರೆಯುವವರೆಗೆ ಬಜರ್ ಕೂಗ್ತದೆ. ಮಧ್ಯದಲ್ಲಿ ಸಪ್ಲೈ ಒಮ್ಮೆ ಕುಸಿದು ಚಿಪ್ ಮಾತ್ರ ರೀಸೆಟ್ ಆಯ್ತು, ಪ್ರೊಸೆಸರ್‌ಗೆ ಗೊತ್ತಾಗಲಿಲ್ಲ ಅಂತ ಇಟ್ಟುಕೊಳ್ಳಿ. ಆಗ ಪೋಲಾರಿಟಿ ತಿರುಗಾಮುರುಗಾ. ತಣ್ಣಗಿದ್ದಾಗ ಕೂಗ್ತದೆ, 80 ದಾಟಿದರೆ *ನಿಲ್ಲುತ್ತದೆ*. ಹನುಮ ಅವರು ಬಂದದ್ದೇ ಈ ದೂರು ಹಿಡ್ಕೊಂಡು!

ಹುಬ್ಬಳ್ಳಿ ವೋಲ್ಟ್: 80 ದಾಟೂಕಿಂತ ಮೊದ್ಲ ಅದು ಕೂಗಾಕತ್ತಿರ್ತೈತಲ್ರೀ! ಕೂಗೋ ಬಜರ್ ಕೇಳಿ ಮನಷ್ಯಾ ಎದ್ದು ಬರಂಗಿಲ್ಲೇನು? ನಿಮ್ಮ ಪದ್ಧತ್ಯಾಗ ವೈರ್ ಹರಿದ್ರ ಮನಿ ಸುಟ್ಟ ಮ್ಯಾಲ ಗೊತ್ತಾಗೂದು.

ಹಳೇ ಟೆಸ್ಟ್‌ಬೆಂಚ್: ಸುಮ್ಮಸುಮ್ಮನೆ ಕೂಗುವ ಬಜರ್‌ನ ವೈರನ್ನು ಮನೆಯವರೇ ಕತ್ತರಿಸುತ್ತಾರೆ. ಎಷ್ಟು ಡಬ್ಬಿ ತೆರೆದು ನೋಡಿಲ್ಲ ನಾನು.

ಕರ್ನಲ್ ಕಮಲಿ: ವೈರ್ ಬದಿಗಿಡಿ. ಸೆಕೆಂಡಿಗೊಮ್ಮೆ ಚಿಪ್‌ನ ಜೊತೆ ಮಾತಾಡ್ತಾ ಇದ್ದೀರಿ. ಉತ್ತರ ಬರದಿದ್ದರೆ ಅದೇ ಫಾಲ್ಟ್, ಕೋಡ್‌ನಿಂದ ಬಜರ್ ಹೊಡೆಸಿ. ಹಾಗೇ ಕಾನ್ಫಿಗ್ ರಿಜಿಸ್ಟರ್ ಕೂಡ ಪ್ರತಿ ಸಲ ಓದಿ, ಬದಲಾಗಿದ್ದರೆ ಮತ್ತೆ ಬರೆಯಿರಿ. ಮತ್ತೆ, ಇನ್ವರ್ಟರ್ ಪಕ್ಕ ನಾಯ್ಸ್ ಜಾಸ್ತಿ. ಫಾಲ್ಟ್ ಕ್ಯೂ 1ರಲ್ಲೇ ಬಿಡಬೇಡಿ. 4ಕ್ಕೆ ಇಟ್ಟರೆ ಸತತ ನಾಲ್ಕು ಸಲ ಮಿತಿ ದಾಟಿದರೆ ಮಾತ್ರ ಪಿನ್ ಅಲುಗುತ್ತದೆ.

ಬೆಸುಗೆ ಭಟ್: "ಕೋಡ್‌ನಿಂದ ಬಜರ್ ಹೊಡೆಸಿ" ಅಂದರೆ ಮೇಡಂ, ಓಎಸ್ ಪಿನ್ ಇರುವುದೇ ಕೋಡ್ ಹ್ಯಾಂಗ್ ಆದಾಗ ಕೆಲಸಕ್ಕೆ ಬರಲಿ ಅಂತ. ಆ ಎರಡಕ್ಷರಕ್ಕೆ ಓವರ್‌ಟೆಂಪರೇಚರ್ ಶಟ್‌ಡೌನ್ ಅಂತ ಅರ್ಥ.

ಕರ್ನಲ್ ಕಮಲಿ: ಹಾಗಾದರೆ ಶಟ್‌ಡೌನ್ ಮಾಡಿ. ಬಜರ್ ಯಾಕೆ? ರಿಲೇ ಹಾಕಿ ಲೋಡ್ ಕಟ್ ಮಾಡಿ. ಯಾರೂ ಎದ್ದು ಬರುವುದು ಬೇಡ.

ಹುಬ್ಬಳ್ಳಿ ವೋಲ್ಟ್: ರಿಲೇ ಹಾಕಿದ್ರಂತೂ ನನ್ನ ಮಾತ ಖರೆ ಆತು. ಆರಾಮಿದ್ದಾಗ ರಿಲೇ ಎಳಕೊಂಡಿರಬೇಕು, ವೈರ್ ಹರಿದ್ರ ಬಿಡಬೇಕು.

ಬೆಸುಗೆ ಭಟ್: ಅಂದ್ರೆ ಕಾಂಟ್ಯಾಕ್ಟ್ ಬದಲಿಸಿದ್ರೆ ಸಾಕು, ಪೋಲಾರಿಟಿ ಮುಟ್ಟಬೇಕಾಗಿಲ್ಲ ಅಂತಾಯ್ತು. ಥ್ಯಾಂಕ್ಸ್.

ಹುಬ್ಬಳ್ಳಿ ವೋಲ್ಟ್: ಯಾರ್ ಹಂಗ ಅಂದ್ರು?? ವೈರ್ ಹರಿದ್ರ ನಿಮ್ಮ ಲೈನ್ ಹೈ ನಿಲ್ಲತೈತಿ, ರಿಲೇ ಎಳಕೊಂಡ ಇರ್ತೈತಿ! ಓದ್ದಂಗ ಬರೀತೀರಿ ನೀವು.

ಹೀಟ್‌ಸಿಂಕ್ ಹನುಮ: 00 ಬರೆದೆ. ಈಗ 80ರಿಂದ 75ರವರೆಗೆ ಸರಿಯಾಗಿ ಕೂಗುತ್ತಿದೆ. ಆಮೇಲೆ ಹುಬ್ಬಳ್ಳಿ ಅಣ್ಣ ಹೇಳಿದ 04, ಎನ್‌ಪಿಎನ್ ಕೂಡ ನೋಡಿದೆ. ಬಿಸಿಗೆ ಕೂಗಿತು, ಆದರೆ ಮಧ್ಯದ ವೈರ್ ಬಿಚ್ಚಿದರೆ ಬಜರ್ ಕೂಗಲಿಲ್ಲ. ಪುಲ್‌ಅಪ್ ಚಿಪ್ ಪಕ್ಕದಲ್ಲಿದೆ.

ಬೆಸುಗೆ ಭಟ್: 😂😂

ಹುಬ್ಬಳ್ಳಿ ವೋಲ್ಟ್: ಪುಲ್‌ಅಪ್ ಬಜರ್ ಕಡೆ ಇರಬೇಕ್ರಿ ತಮ್ಮಾ, ಟ್ರಾನ್ಸಿಸ್ಟರ್ ಬುಡಕ್ಕ! ಚಿಪ್ ಕಡೆ ಇಟ್ಟು ವೈರ್ ಹರದ್ರ ಟ್ರಾನ್ಸಿಸ್ಟರ್ ಬೇಸ್‌ಗೆ ಕರೆಂಟ್ ಎಲ್ಲಿಂದ ಬರಬೇಕು? ಭಟ್ರ, ನಗೂದು ಬಿಟ್ಟು ಇದನ್ನ ಅವಗ ಮೊದ್ಲ ಹೇಳಬೇಕಿತ್ತು ನೀವು.

ಬೆಸುಗೆ ಭಟ್: ನಿಮ್ಮ ಸರ್ಕ್ಯೂಟಿಗೆ ನಾನು ಹೇಳುವುದಾ?