ಪಿಯುಸಿ ಮುಗಿಸಿದ ಮೂವರು, ಯಾರಿಗೆ ಯಾವ ಸ್ಕಾಲರ್‌ಶಿಪ್?

ಕಾಫಿಹೂ:
ಎಲ್ಲರಿಗೂ ನಮಸ್ಕಾರ. ನಾನು ಗೋಣಿಕೊಪ್ಪ ಕಡೆಯವಳು. ತಂಗಿ ಮಗಳಿಗೆ ಮೈಸೂರಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ನಮ್ಮದು ಕೊಡವ ಕುಟುಂಬ, ಸ್ವಲ್ಪ ತೋಟ ಇದೆ, ಆದರೆ ಆರ್‌ಟಿಸಿ ಇನ್ನೂ ದೊಡ್ಡಪ್ಪನ ಹೆಸರಲ್ಲೇ ಇದೆ (ಜಮ್ಮಾ, ಅಂದರೆ ಕೊಡಗಿನಲ್ಲಿ ಇಡೀ ಕುಟುಂಬಕ್ಕೆ ತಲೆಮಾರಿನಿಂದ ಬಂದ ಜಾಗ, ಅದರ ಕಥೆ ಗೊತ್ತಲ್ವಾ). ಅವಳ ಜೊತೆ ಓದಿದ ಎರವರ (ಬುಡಕಟ್ಟಿನ) ಹುಡುಗ ಬಿಕಾಂ ಸೇರುತ್ತಿದ್ದಾನೆ, ಅಪ್ಪ ಅಮ್ಮ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿದ್ದಾರೆ. ಇನ್ನೊಬ್ಬಳು ಮುಸ್ಲಿಂ ಹುಡುಗಿ, ಶುರುವಿಂದಲೂ ಸರ್ಕಾರಿ ಶಾಲೆ, ಈಗ ಬಿಎಸ್ಸಿ. ಯೂಟ್ಯೂಬ್‌ನಲ್ಲಿ ನೋಡಿದರೆ ಎಲ್ಲರಿಗೂ 50 ಸಾವಿರ ಅಂತಾರೆ! ಎಲ್ಲಿಂದ ಶುರು ಮಾಡಬೇಕು?

ಬೆಟ್ಟದಮೇಷ್ಟ್ರು:
ಆ 50 ಸಾವಿರ ಸುಳ್ಳಲ್ಲ, ಆದರೆ ಎಲ್ಲರಿಗೂ ಅಲ್ಲ. ಅದು ಎಐಸಿಟಿಇಯ (ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ) ಪ್ರಗತಿ ಸ್ಕಾಲರ್‌ಶಿಪ್, ಟೆಕ್ನಿಕಲ್ ಕೋರ್ಸ್ ಸೇರುವ ಹುಡುಗಿಯರಿಗೆ, ಮನೆಯ ವರ್ಷದ ಆದಾಯ 8 ಲಕ್ಷದೊಳಗಿರಬೇಕು. ನಿಮ್ಮ ತಂಗಿ ಮಗಳು ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಹಾಕಲಿ. ಹುಡುಗನಿಗೆ ರಾಜ್ಯದ ಎಸ್‌ಎಸ್‌ಪಿ (ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್), ಪರಿಶಿಷ್ಟ ಪಂಗಡದ ಮೆಟ್ರಿಕ್ ನಂತರದ ವೇತನ, ಆದಾಯ 2.5 ಲಕ್ಷದೊಳಗೆ. ಅವನಿಗೆ ಸ್ಕಾಲರ್‌ಶಿಪ್‌ಗಿಂತ ಮೊದಲು ಹಾಸ್ಟೆಲ್ ಅರ್ಜಿ ಹಾಕಿಸಿ. ಲೈನ್ ಮನೆಯಿಂದ ದಿನಾ ಬಸ್ಸಲ್ಲಿ ಓಡಾಡಿ ಡಿಗ್ರಿ ಮುಗಿಸುವುದು ಕಷ್ಟ, ಕಾಫಿ ಕುಯ್ಲು ಶುರುವಾದರೆ ಮಕ್ಕಳು ಕ್ಲಾಸಿಗೆ ಬರುವುದೇ ಕಡಿಮೆ, ಪ್ರತಿ ವರ್ಷ ನೋಡುತ್ತೇನೆ. ಆ ಮುಸ್ಲಿಂ ಹುಡುಗಿಗೂ ಎಸ್‌ಎಸ್‌ಪಿಯಲ್ಲಿ ಅಲ್ಪಸಂಖ್ಯಾತರ ಇಲಾಖೆಯದು ಇದೆ. ಜೊತೆಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮರೆಯಬೇಡಿ: ಎಸ್‌ಎಸ್‌ಎಲ್‌ಸಿ, ಪಿಯುಸಿ ಎರಡೂ ಸರ್ಕಾರಿಯಲ್ಲಿ ಓದಿದ ಹುಡುಗಿಯರಿಗೆ ಕೋರ್ಸ್ ಮುಗಿಯುವವರೆಗೆ ವರ್ಷಕ್ಕೆ 30,000.

ಮಳೆಗಾಲ_ಮಡಿಕೇರಿ:
ಸ್ಕೀಮ್ ಹುಡುಕುವ ಮೊದಲು ಹೆಸರು ನೋಡಿ. ನಮ್ಮ ಕಡೆ ಎಡವಟ್ಟಾಗುವುದೇ ಇಲ್ಲಿ. ಆಧಾರ್‌ನಲ್ಲಿ ಮನೆ ಹೆಸರು ಪೂರ್ತಿ ಇರುತ್ತದೆ, ಮಾರ್ಕ್ಸ್ ಕಾರ್ಡಲ್ಲಿ ಬರೀ ಇನಿಶಿಯಲ್. ನನ್ನ ತಮ್ಮನ ಅರ್ಜಿ ಹಾಗೇ ತಿಂಗಳುಗಟ್ಟಲೆ ನಿಂತಿತ್ತು, ಕಾಲೇಜಿನವರನ್ನು ಕೇಳಿದರೆ ಬ್ಯಾಂಕ್ ಕಡೆ ತೋರಿಸುತ್ತಿದ್ದರು, ಬ್ಯಾಂಕಿನವರು ಕಾಲೇಜು ಕಡೆ. ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಬೇಕೇ ಬೇಕು, ನಾಡಕಚೇರಿಗೆ ಈಗಲೇ ಹೋಗಿ. ಜುಲೈನಲ್ಲಿ ಹೋದರೆ ಕರೆಂಟ್ ಇದ್ದಾಗ ನೆಟ್ ಇರಲ್ಲ, ನೆಟ್ ಇದ್ದಾಗ ಕರೆಂಟ್ ಇರಲ್ಲ.

ತೋಟದಮನೆ:
ಜಮ್ಮಾ ವಿಷಯಕ್ಕೆ ಬರುತ್ತೇನೆ. 2021ರಲ್ಲಿ ರೈತರ ಮಕ್ಕಳಿಗೆ ರಾಜ್ಯದ ರೈತ ವಿದ್ಯಾನಿಧಿ ಅಂತ ಬಂತು, ಇಂಜಿನಿಯರಿಂಗ್ ಹುಡುಗಿಗೆ 11,000. ಆದರೆ ಅದಕ್ಕೆ ಅಪ್ಪ ಅಥವಾ ಅಮ್ಮನ ಹೆಸರಲ್ಲಿ ಫ್ರೂಟ್ಸ್ ಐಡಿ (ರೈತರ ನೋಂದಣಿ ನಂಬರ್) ಬೇಕು, ಐಡಿಗೆ ಆರ್‌ಟಿಸಿ ಬೇಕು. ಪಟ್ಟೇದಾರನ (ಕುಟುಂಬದ ಹಿರಿಯ) ಹೆಸರಲ್ಲಿ ಜಾಗ ಇದ್ದರೆ ದುಡಿಯುವವನು ಕಾಗದದಲ್ಲಿ ರೈತನೇ ಅಲ್ಲ! ರೈತ ಸಂಪರ್ಕ ಕೇಂದ್ರದಲ್ಲಿ ಈ ವರ್ಷ ಅರ್ಜಿ ಇದೆಯಾ, ನಿಮ್ಮ ಆರ್‌ಟಿಸಿಗೆ ದಾರಿ ಇದೆಯಾ ಎರಡನ್ನೂ ಕೇಳಿ. ಆಮೇಲೆ ಕಾಫಿ ಬೋರ್ಡ್ ತೋಟದ ಕಾರ್ಮಿಕರ ಮಕ್ಕಳ ಓದಿಗೆ ಸಹಾಯ ಕೊಡುತ್ತದೆ. ಲೈನ್ ಮನೆಯವರಿಗೆ ಯಾರೂ ಇದನ್ನು ಹೇಳುವುದಿಲ್ಲ. ಮಾಲೀಕರೇ ವಿಚಾರಿಸಿಕೊಟ್ಟರೆ ಏನು ಕಳೆದುಹೋಗುತ್ತದೆ?

ಕಾಫಿಹೂ:
ತುಂಬಾ ಥ್ಯಾಂಕ್ಸ್. ಹುಡುಗನ ತೋಟದ ಮಾಲೀಕರು ನಮಗೆ ಪರಿಚಯ, ನಾನೇ ಕೇಳುತ್ತೇನೆ. ಒಂದು ಡೌಟು, ಅವನಿಗೆ ಎರಡು ಬ್ಯಾಂಕ್ ಅಕೌಂಟ್ ಇದೆ, ಎರಡಕ್ಕೂ ಆಧಾರ್ ಕೊಟ್ಟಿದ್ದಾನೆ. ದುಡ್ಡು ಯಾವುದಕ್ಕೆ ಬರುತ್ತದೆ?

ಮಳೆಗಾಲ_ಮಡಿಕೇರಿ:
ಎನ್‌ಪಿಸಿಐ (ಬ್ಯಾಂಕ್ ಪಾವತಿ ನೋಡಿಕೊಳ್ಳುವ ಸಂಸ್ಥೆ) ದಾಖಲೆಯಲ್ಲಿ ಆಧಾರ್ ಮ್ಯಾಪಿಂಗ್ ಯಾವುದಕ್ಕೆ ಆಗಿದೆಯೋ ಅದಕ್ಕೆ. ಬ್ಯಾಂಕಲ್ಲಿ ಸುಮ್ನೆ ಆಧಾರ್ ಲಿಂಕ್ ಆಗಿದೆಯಾ ಅಂತ ಕೇಳಬೇಡಿ, ಹೂಂ ಅಂದು ಕಳಿಸುತ್ತಾರೆ. ಡಿಬಿಟಿಗೆ, ಅಂದರೆ ಸರ್ಕಾರದ ದುಡ್ಡು ನೇರವಾಗಿ ಖಾತೆಗೆ ಬರುವುದಕ್ಕೆ, ಮ್ಯಾಪ್ ಆಗಿದೆಯಾ ಅಂತ ಕೇಳಿ.