ಲಸಿಕೆಯ ಸೂಜಿ, ಭುಜದ ನೋವು: ನಮ್ಮ ಗುಂಪಿನಲ್ಲಿ ನಡೆದ ವಾದ

ಗಿರೀಶ್ ಮಾವ (ಫಾರ್ವರ್ಡ್): ಅಮೆರಿಕ ಸರ್ಕಾರ ಕೊನೆಗೂ ಒಪ್ಪಿಕೊಂಡಿದೆ! ಲಸಿಕೆಯಿಂದ ಭುಜ ಹಾಳಾದವರಿಗೆ ಲಕ್ಷ ಲಕ್ಷ ಡಾಲರ್ ಪರಿಹಾರ! ಲಸಿಕೆ ವಿಷ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಎಲ್ಲರಿಗೂ ಕಳಿಸಿ.

ಕಾರ್ತಿಕ್: ಮಾವ, ಇಂಥದ್ದನ್ನೆಲ್ಲ ಇಲ್ಲಿ ಹಾಕಬೇಡಿ. ಇದು ವಕೀಲರು ದುಡ್ಡು ಮಾಡುವ ದಾರಿ. ಇಂಜೆಕ್ಷನ್ ಆದಮೇಲೆ ಕೈ ಎರಡು ದಿನ ನೋಯುತ್ತದೆ, ಹೋಗುತ್ತದೆ. ಅದಕ್ಕೂ ಕೋರ್ಟಿಗೆ ಹೋಗುವವರಿದ್ದಾರೆ.

ಗಿರೀಶ್ ಮಾವ: ಎರಡು ದಿನವಾ? ನಿಮ್ಮತ್ತೆ ಅಕ್ಟೋಬರಿನಿಂದ ಎಡಗೈ ಮೇಲೆತ್ತಲಾಗದೆ ಒದ್ದಾಡುತ್ತಿದ್ದಾಳೆ. ರಾತ್ರಿ ಆ ಮಗ್ಗುಲಿಗೆ ಮಲಗುವ ಹಾಗಿಲ್ಲ. ಬಂದು ನೋಡು, ಆಮೇಲೆ ಮಾತಾಡು.

ನಂದಿನಿ: ಅಯ್ಯೋ ಮಾವ, ಅತ್ತೆಗೆ ಇಷ್ಟು ಆಗಿದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಫಾರ್ವರ್ಡ್ ವಿಷಯ. ನಾನು ಫಿಸಿಯೋಥೆರಪಿ ಮಾಡುವವಳು, ಇಂಥ ಭುಜಗಳನ್ನು ಕೈಯಾರೆ ಮುಟ್ಟಿ ನೋಡಿದ್ದೇನೆ. ಕಾರ್ತಿಕ್, ಇದು ಸುಳ್ಳು ನೋವಲ್ಲ. ಇದಕ್ಕೆ ಸಿರ್ವಾ (SIRVA, ಲಸಿಕೆ ಚುಚ್ಚಿದ್ದರಿಂದ ಆಗುವ ಭುಜದ ಗಾಯ) ಎಂಬ ಹೆಸರೇ ಇದೆ. ಮಾವ, ಹಾಗೆಂದು ಲಸಿಕೆ ವಿಷವೂ ಅಲ್ಲ. ಲಸಿಕೆ ಹೋಗಬೇಕಾದದ್ದು ತೋಳಿನ ಮೇಲಿರುವ ಡೆಲ್ಟಾಯ್ಡ್ ಸ್ನಾಯುವಿಗೆ. ಭುಜದ ತುದಿಯಲ್ಲಿ ಕೈಗೆ ಸಿಗುವ ಮೂಳೆಯಿಂದ ಎರಡು ಮೂರು ಬೆರಳು ಕೆಳಗೆ ಚುಚ್ಚಬೇಕು. ಅದಕ್ಕಿಂತ ಮೇಲೆ ಚುಚ್ಚಿದರೆ ಸೂಜಿ ಕೀಲಿನ ಹತ್ತಿರದ ಬರ್ಸಾ ಎಂಬ ತೆಳು ಚೀಲಕ್ಕೆ ಹೋಗಬಹುದು. ಸ್ನಾಯುವಿನಲ್ಲಿ ಆಗಬೇಕಾದ ಪ್ರತಿಕ್ರಿಯೆ ಆಗ ಅಲ್ಲಿ ಆಗುತ್ತದೆ. ಊತ ಬಂದು ಭುಜ ಬಿಗಿದುಕೊಳ್ಳುತ್ತದೆ. ತಪ್ಪಿದ್ದು ಸೂಜಿಯ ಜಾಗ.

ಗಿರೀಶ್ ಮಾವ: ವಿಷ ಅಲ್ಲದಿದ್ದರೆ ಸರ್ಕಾರ ಯಾಕಮ್ಮ ದುಡ್ಡು ಕೊಡುತ್ತದೆ?

ನಂದಿನಿ: 1986ರಲ್ಲಿ ಇಲ್ಲಿ ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್, ಇದಕ್ಕಾಗಿಯೇ ಒಂದು ಕಾನೂನು ಮಾಡಿತು. ಕಂಪನಿಗಳ ಮೇಲೆ ಕೇಸುಗಳು ಜಾಸ್ತಿಯಾಗಿ, ಕೆಲವರು ಲಸಿಕೆ ತಯಾರಿಸುವುದನ್ನೇ ಬಿಡುತ್ತಿದ್ದ ಕಾಲ ಅದು. 1988ರಿಂದ ಪರಿಹಾರ ಯೋಜನೆ ನಡೆಯುತ್ತಿದೆ. ಈ ಯೋಜನೆಯ ಪಟ್ಟಿಯಲ್ಲಿರುವ ಲಸಿಕೆಯ ಪ್ರತಿ ಡೋಸಿನ ಮೇಲೆ, ಅದು ತಡೆಯುವ ಒಂದೊಂದು ರೋಗಕ್ಕೆ 75 ಸೆಂಟ್ ತೆರಿಗೆ. ಫ್ಲೂ ಶಾಟ್‌ಗೆ 75 ಸೆಂಟ್, ಮೂರು ರೋಗ ತಡೆಯುವ ಎಂಎಂಆರ್‌ಗೆ 2.25 ಡಾಲರ್. ಆ ನಿಧಿಯಿಂದ ಪರಿಹಾರ. ಯಾರದು ತಪ್ಪು ಎಂದು ಸಾಬೀತು ಮಾಡಬೇಕಾಗಿಲ್ಲ. ಕೋಟಿಗಟ್ಟಲೆ ಜನ ಲಸಿಕೆ ಹಾಕಿಸಿಕೊಂಡು ಎಲ್ಲರಿಗೂ ಒಳ್ಳೆಯದಾದಾಗ, ಪೆಟ್ಟು ತಿಂದ ಒಬ್ಬರನ್ನು ಕೈಬಿಡಬಾರದು ಅಲ್ವಾ? ನನಗೆ ಇದು ತುಂಬ ನ್ಯಾಯವಾದ ಏರ್ಪಾಡು ಅನ್ನಿಸುತ್ತದೆ. ಹಂಚಿಕೆಯಾದ ಸುಮಾರು 10 ಲಕ್ಷ ಡೋಸಿಗೆ ಒಬ್ಬರಿಗೆ ಪರಿಹಾರ ಸಿಕ್ಕಿದೆ ಎಂದು ಸರ್ಕಾರದ ಲೆಕ್ಕ. ಅದು ಭುಜದ್ದಷ್ಟೇ ಅಲ್ಲ, ಎಲ್ಲ ತೊಂದರೆಗಳೂ ಸೇರಿ.

ಕಾರ್ತಿಕ್: ಅಕ್ಕ, ನೀನೇ ಹೇಳಿದೆ, ಚುಚ್ಚಿದವರ ತಪ್ಪು ಅಂತ. ಹಾಗಿದ್ದರೆ ಅವರ ಮೇಲೆ ಕೇಸು ಹಾಕಲಿ. ಫೆಡರಲ್ ಆರೋಗ್ಯ ಇಲಾಖೆಯೇ ಸಿರ್ವಾವನ್ನು ಪರಿಹಾರ ಸಿಗುವ ತೊಂದರೆಗಳ ಪಟ್ಟಿಯಿಂದ ತೆಗೆಯಲು ಹೊರಟಿತ್ತಲ್ಲ.

ನಂದಿನಿ: ಹೊರಟಿತ್ತು, ನಿಜ. ಸಿರ್ವಾ ಪಟ್ಟಿಗೆ ಸೇರಿದ್ದು 2017ರಲ್ಲಿ. ತೆಗೆಯುವ ಪ್ರಸ್ತಾವ 2020ರಲ್ಲಿ ಬಂತು, 2021ರ ಜನವರಿಯಲ್ಲಿ ನಿಯಮವೂ ಆಯಿತು. ಜಾರಿಗೆ ಬರುವ ಮುಂಚೆ, ಏಪ್ರಿಲಿನಲ್ಲಿ ಹೊಸ ಸರ್ಕಾರ ಅದನ್ನು ರದ್ದು ಮಾಡಿತು. ತೆಗೆಯಬೇಕು ಎಂದವರ ವಾದವೂ ನಿನ್ನದೇ. ನಾನು ಒಪ್ಪುವುದಿಲ್ಲ. ಫಾರ್ಮಸಿಯಲ್ಲಿ ಯಾರು ಹೇಗೆ ಚುಚ್ಚಿದರು ಎಂದು ಒಬ್ಬ ಮಾಮೂಲಿ ಮನುಷ್ಯ ಹೇಗೆ ಸಾಬೀತು ಮಾಡುತ್ತಾನೆ? ಅಳತೆ ಹಿಡಿದವರಾರು, ಫೋಟೊ ತೆಗೆದವರಾರು? ಚುಚ್ಚುವವರಿಗೂ ಕೇಸಿನ ಭಯ ಹತ್ತಿದರೆ ಫ್ಲೂ ಶಾಟ್ ಕೊಡುವವರೇ ಕಡಿಮೆಯಾಗುತ್ತಾರೆ. ಸೂಜಿ ಇಲ್ಲದೆ ಆ ಲಸಿಕೆ ಮೈಗೆ ಹೋಗುವುದಿಲ್ಲ. ಎರಡನ್ನೂ ಬೇರೆ ಮಾಡುವುದು ಹೇಗೆ?

ಕಾರ್ತಿಕ್: ವಕೀಲರ ಪಾಲು?

ನಂದಿನಿ: ಪರಿಹಾರದಲ್ಲಿ ಅವರಿಗೆ ಪಾಲು ಇಲ್ಲ. ಅವರ ಫೀಸನ್ನು ಆ ನಿಧಿಯೇ ಬೇರೆಯಾಗಿ ಕೊಡುತ್ತದೆ. ಸದುದ್ದೇಶದಿಂದ, ಸರಿಯಾದ ಆಧಾರದ ಮೇಲೆ ಹಾಕಿದ ಅರ್ಜಿಯಾದರೆ ಸೋತರೂ ಕೊಡಬಹುದು. ಮಾವ, ಇನ್ನು "ಲಕ್ಷ ಲಕ್ಷ ಡಾಲರ್". ನೋವು ಸಂಕಟಕ್ಕೆ ಮಿತಿ 2,50,000 ಡಾಲರ್. ಬಹಳಷ್ಟು ಭುಜದ ಪ್ರಕರಣಗಳಲ್ಲಿ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಕಳೆದುಕೊಂಡ ಸಂಬಳ, ಕೈಯಿಂದ ಹಾಕಿದ ಆಸ್ಪತ್ರೆ ಖರ್ಚು ಬೇರೆ. "ಸರ್ಕಾರ ಒಪ್ಪಿಕೊಂಡಿದೆ" ಅನ್ನುವುದೂ ಅರ್ಧ ಮಾತು. ಈ ಯೋಜನೆಯ ಪರಿಹಾರಗಳಲ್ಲಿ ಸುಮಾರು ಶೇ. 60 ರಾಜಿಯಲ್ಲಿ ಮುಗಿದವು. ಲಸಿಕೆಯೇ ಕಾರಣ ಎಂದು ಅಲ್ಲಿ ಯಾರೂ ತೀರ್ಮಾನಿಸಿಲ್ಲ.

ಪದ್ಮ ದೊಡ್ಡಮ್ಮ: ನನಗೆ ಮುಂದಿನ ವಾರ ಸರ್ಪಸುತ್ತಿನ ಲಸಿಕೆ ಇದೆ. ಇದನ್ನೆಲ್ಲ ಓದಿ ಭಯವಾಗುತ್ತಿದೆ. ಬೇಡ ಅಂದುಬಿಡಲೇ?

ನಂದಿನಿ: ಖಂಡಿತ ಹಾಕಿಸಿಕೊಳ್ಳಿ ದೊಡ್ಡಮ್ಮ. ಸರ್ಪಸುತ್ತಿನ ನೋವು ನಿಮಗೆ ಬೇಡ. ಕುಳಿತೇ ಹಾಕಿಸಿಕೊಳ್ಳಿ. ತೋಳಿನ ಬಟ್ಟೆ ಪೂರ್ತಿ ಸರಿಯುವಂಥದ್ದು ಹಾಕಿಕೊಂಡು ಹೋಗಿ. ಕಾಲರನ್ನು ಕೆಳಗೆ ಎಳೆದು ಸಿಕ್ಕಿದಷ್ಟೇ ಜಾಗದಲ್ಲಿ ಚುಚ್ಚಿದರೆ ಮೇಲೆ ಬೀಳುವ ಸಾಧ್ಯತೆ ಜಾಸ್ತಿ. "ಸ್ವಲ್ಪ ಕೆಳಗೆ ಕೊಡಿ" ಎಂದು ಹೇಳುವುದಕ್ಕೆ ಸಂಕೋಚ ಬೇಡ. ಒಂದು ವಿಷಯ ತಿಳಿದಿರಲಿ, ಆ ಲಸಿಕೆ ಈ ಯೋಜನೆಯ ಪಟ್ಟಿಯಲ್ಲಿ ಇಲ್ಲ. ಮಕ್ಕಳಿಗೆ ಅಥವಾ ಗರ್ಭಿಣಿಯರಿಗೆ ವಾಡಿಕೆಯಾಗಿ ಕೊಡುವ ಲಸಿಕೆಗಳಷ್ಟೇ ಇದರೊಳಗೆ ಬರುತ್ತವೆ. ವಯಸ್ಸಾದವರನ್ನು ಹೀಗೆ ಹೊರಗಿಟ್ಟದ್ದು ನನಗೆ ಸರಿ ಕಾಣುವುದಿಲ್ಲ.

ವಾಣಿ ಅತ್ತೆ: ನಂದಿನಿ, ನಾನು ಅವತ್ತು ಎರಡು ಹಾಕಿಸಿಕೊಂಡಿದ್ದೆ. ಎಡಗೈಗೆ ಫ್ಲೂ, ಬಲಗೈಗೆ ಕೋವಿಡ್. ನೋವು ಎಡದಲ್ಲಿ ಮಾತ್ರ.

ನಂದಿನಿ: ಅತ್ತೆ, ಇದು ಬಹಳ ಮುಖ್ಯ. ಕೋವಿಡ್ ಲಸಿಕೆಗೆ ಬೇರೆಯದೇ ಯೋಜನೆ. ಅಲ್ಲಿ ಲಸಿಕೆ ಹಾಕಿದ ದಿನದಿಂದ ಒಂದೇ ವರ್ಷ ಗಡುವು, ನೋವಿಗೆ ಪರಿಹಾರ ಇಲ್ಲ, ವಕೀಲರ ಫೀಸನ್ನೂ ಕೊಡುವುದಿಲ್ಲ. ಫ್ಲೂ ಲಸಿಕೆಯಾದರೆ ನೋವು ಶುರುವಾದ ದಿನದಿಂದ 3 ವರ್ಷ ಸಮಯವಿದೆ. ಈಗ ಹೇಳಿ, ಆ ಭುಜದಲ್ಲಿ ಮುಂಚೆ ಏನಾದರೂ ತೊಂದರೆ ಇತ್ತಾ? ನೋವು 48 ಗಂಟೆಯೊಳಗೆ ಶುರುವಾಯಿತಾ? ಕುತ್ತಿಗೆಯಿಂದ ಇಳಿದು ಬರುವ ನೋವಲ್ಲ ತಾನೇ?

ವಾಣಿ ಅತ್ತೆ: ಮುಂಚೆ ಏನೂ ಇರಲಿಲ್ಲ. ಭುಜದಲ್ಲಿ ಮಾತ್ರ ನೋವು. ಅವತ್ತು ರಾತ್ರಿಯೇ ಶುರು. ಆದರೆ ಡಾಕ್ಟರ ಹತ್ತಿರ ಹೋದದ್ದು ಜನವರಿಯಲ್ಲಿ. ತಾನಾಗಿ ಹೋಗುತ್ತದೆ ಎಂದುಕೊಂಡೆ. ಅವರು "ಒಂದು ತಿಂಗಳಿಂದ ನೋವು" ಎಂದು ಬರೆದುಕೊಂಡಿದ್ದಾರೆ. ಇಂಜೆಕ್ಷನ್ ವಿಷಯ ಬರೆದೇ ಇಲ್ಲ.

ಗಿರೀಶ್ ಮಾವ: ನೋಡಿದೆಯಾ? ಈಗ ಎಲ್ಲ ಮುಗಿಯಿತು ಅನ್ನುತ್ತಾರೆ.

ನಂದಿನಿ: ಮುಗಿದಿಲ್ಲ ಮಾವ. ಎಷ್ಟೋ ಜನರ ದಾಖಲೆ ಹೀಗೇ ಇರುತ್ತದೆ. ಯಾವ ಕೈ ಎಂಬುದೇ ಫಾರ್ಮಸಿಯ ಕಾಗದದಲ್ಲಿ ತಪ್ಪಾಗಿರುವುದೂ ಉಂಟು. ವಾಷಿಂಗ್ಟನ್ನಿನ ಫೆಡರಲ್ ಕ್ಲೇಮ್ಸ್ ಕೋರ್ಟಿನಲ್ಲಿ ಇಂಥ ಅರ್ಜಿಗಳನ್ನು ವಿಚಾರಿಸಿ ತೀರ್ಪು ಕೊಡುವವರು ಸ್ಪೆಷಲ್ ಮಾಸ್ಟರ್‌ಗಳು. ಡಾಕ್ಟರ ದಾಖಲೆಗೆ ತೂಕ ಜಾಸ್ತಿ, ನಿಜ. ಜೊತೆಗೆ ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ, ಮನೆಯವರ ಮಾತು, ಆ ದಿನಗಳಲ್ಲಿ ಕಳಿಸಿದ ಮೆಸೇಜುಗಳನ್ನೂ ನೋಡುತ್ತಾರೆ. ತೊಂದರೆ 6 ತಿಂಗಳು ದಾಟಿರಬೇಕು ಎಂಬ ಷರತ್ತೂ ಇದೆ, ಅದು ನಿಮಗೆ ದಾಟಿದೆ. ಅತ್ತೆ, ಆಗ ಯಾರಿಗಾದರೂ ಹೇಳಿಕೊಂಡಿದ್ದಿರಾ?

ವಾಣಿ ಅತ್ತೆ: ನೆನಪಿಲ್ಲಮ್ಮ. ಇಲ್ಲೇ ಏನೋ ಬರೆದಿದ್ದೆ ಅನ್ನಿಸುತ್ತದೆ.

ಕಾರ್ತಿಕ್: ಇರಿ, ಹುಡುಕುತ್ತೇನೆ.

ಕಾರ್ತಿಕ್: ಸಿಕ್ಕಿತು. ಅಕ್ಟೋಬರ್ 12, ಬೆಳಿಗ್ಗೆ. "ನಿನ್ನೆ ಫ್ಲೂ ಶಾಟ್ ತುಂಬ ಮೇಲೆ ಚುಚ್ಚಿಬಿಟ್ಟರು. ರಾತ್ರಿಯಿಂದ ಎಡಗೈ ಎತ್ತಲಾಗುತ್ತಿಲ್ಲ." ನಾನೇ ಕೆಳಗೆ ಹೆಬ್ಬೆರಳು ಒತ್ತಿದ್ದೇನೆ.

ನಂದಿನಿ: ಯಾರೂ ಅದನ್ನು ಅಳಿಸಬೇಡಿ! ತಾರೀಕು, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಅತ್ತೆಗೂ ನನಗೂ ಕಳಿಸು. ಮಾವ, ಫಾರ್ಮಸಿಯಿಂದ ಲಸಿಕೆಯ ದಾಖಲೆ ತರಿಸಿ, ಯಾವ ಕೈಗೆ ಯಾವುದು ಎಂದು ಮೊದಲು ನೋಡಿ. ಅತ್ತೆ, ಭುಜದ ಎಂಆರ್‌ಐ ಬೇಕೇ ಎಂದು ಡಾಕ್ಟರನ್ನು ಕೇಳಿ, ನೋವು ಶುರುವಾದ ದಿನವನ್ನು ಈ ಸಲ ಅವರಿಂದ ಸರಿಯಾಗಿ ಬರೆಸಿ. ಇಂದು ಸಂಜೆ ನಾನು ಫೋನ್ ಮಾಡುತ್ತೇನೆ. ಕೈ ಎಲ್ಲಿಯವರೆಗೆ ಏಳುತ್ತದೆ ಎಂದು ವಿಡಿಯೊದಲ್ಲಿ ತೋರಿಸಿ.