ಮರು: ‘ವಿಶಿಷ್ಟೋಷ್ಣ’ ಸರಿಯೇ? ಲ್ಯಾಬಿನ ಚಾರ್ಟ್‌ಗೆ ನಾಳೆಯೇ ಬೇಕು

ಮೇಡಂ, ಲೋಹ ಹೀರುವ ಉಷ್ಣದ ಚಾರ್ಟ್‌ನಲ್ಲಿ ‘ಸ್ಪೆಸಿಫಿಕ್ ಹೀಟ್’ಗೆ ‘ವಿಶಿಷ್ಟೋಷ್ಣ’ ಅಂತ ಬರೆಯಬಹುದೇ ಅಂತ ಕೇಳಿದ್ದೀರಿ. ನಾಳೆ ಪ್ರಿಂಟಿಗೆ ಕೊಡಬೇಕು ಅಂದಿದ್ದೀರಿ, ಹಾಗಾಗಿ ಮೊದಲು ಉತ್ತರ. ‘ವಿಶಿಷ್ಟ ಉಷ್ಣ’ ಅಂತ ಬಿಡಿಸಿಯೇ ಬರೆಯಿರಿ. ಗುಣಸಂಧಿ ತಪ್ಪಲ್ಲ, ಆದರೆ ದೂರದಿಂದ ಓದುವ ಮಕ್ಕಳ ಕಣ್ಣಿಗೆ ‘ಉಷ್ಣ’ ಬೀಳಬೇಕು. ‘ಲೋಹ ಹೀರಿಕೊಂಡ ಉಷ್ಣ’ ಚೆನ್ನಾಗಿದೆ. ‘ಹೀರಿಕೊಂಡ’ ಅನ್ನುವುದರ ಬದಲು ‘ಅವಶೋಷಿತ’ ಬೇಡವೇ ಬೇಡ.

ನಿಜವಾದ ತೊಂದರೆ ಬೇರೆ ಕಡೆ ಇದೆ, ಅದನ್ನು ಇಲ್ಲಿ ಯಾರೂ ಮುಟ್ಟಲಿಲ್ಲ. ಸೂತ್ರದಲ್ಲಿ ‘ಉಷ್ಣಾಂಶದ ಏರಿಕೆ’ ಅಂತ ಹಾಕಿದ್ದೀರಿ. ಪತ್ರಿಕೆಯ ಹವಾಮಾನ ಸುದ್ದಿಗೆ ಅದು ಸಾಕು, ಇಲ್ಲಿ ಸಾಲದು. ಒಂದೇ ಸಾಲಿನಲ್ಲಿ ಉಷ್ಣ, ವಿಶಿಷ್ಟ ಉಷ್ಣ, ಉಷ್ಣಾಂಶ ಮೂರೂ ಬಂದರೆ ಯಾವುದು ಜೂಲ್‌ನಲ್ಲಿ, ಯಾವುದು ಡಿಗ್ರಿಯಲ್ಲಿ ಅಂತ ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ‘ತಾಪ’ ಅನ್ನಿ:

ಹೀರಿಕೊಂಡ ಉಷ್ಣ = ದ್ರವ್ಯರಾಶಿ × ವಿಶಿಷ್ಟ ಉಷ್ಣ × ತಾಪದ ಏರಿಕೆ

ತಾಮ್ರದ ವಿಶಿಷ್ಟ ಉಷ್ಣ 0.385. 200 ಗ್ರಾಂ ತಾಮ್ರ 25ರಿಂದ 75 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ 200 × 0.385 × 50 = 3,850 ಜೂಲ್. ತಾಮ್ರದ ಜಾಗದಲ್ಲಿ ಅಷ್ಟೇ ನೀರಿದ್ದರೆ 0.385 ಹೋಗಿ 4.18 ಬರುತ್ತದೆ, ಲೆಕ್ಕ 41,800 ಜೂಲ್ ಆಗುತ್ತದೆ. ಎರಡನ್ನೂ ಅಕ್ಕಪಕ್ಕ ಬರೆಯಿರಿ. ‘ವಿಶಿಷ್ಟ’ ಅಂದರೆ ಏನೋ ವಿಶೇಷ ಅಂತ ಮಕ್ಕಳು ತಿಳಿಯುತ್ತಾರೆ, ಅದಕ್ಕೇ ಕೆಳಗೆ ‘1 ಗ್ರಾಂ ವಸ್ತುವಿನ ತಾಪ 1 ಡಿಗ್ರಿ ಏರಲು ಬೇಕಾದ ಉಷ್ಣ’ ಅಂತ ಸೇರಿಸಿ. ಪದಕ್ಕಿಂತ ಆ ಸಾಲೇ ಜಾಸ್ತಿ ಕಲಿಸುತ್ತದೆ.

ಇನ್ನು ‘ವಿಶಿಷ್ಟ ಉಷ್ಣ’ದ ಬದಲು ಅಚ್ಚಗನ್ನಡದಲ್ಲಿ ‘ತನಿಬಿಸುಪು’ (ಬಿಸುಪು ಅಂದರೆ ಬಿಸಿ) ಅಂತ ಇಲ್ಲಿ ಸೂಚಿಸಿದವರಿಗೆ: ಒಪ್ಪುವುದಿಲ್ಲ. ಕನ್ನಡದಲ್ಲಿ ತನಿ ಅಂದರೆ ಮಾಗಿದ್ದು, ರಸ ತುಂಬಿದ್ದು. ತನಿವಣ್ಣು ನೆನಪಿಸಿಕೊಳ್ಳಿ. ‘ಬೇರೆ, ಪ್ರತ್ಯೇಕ’ ಅನ್ನುವುದು ತಮಿಳಿನ ತನಿ. ಸಂಸ್ಕೃತ ಬೇಡ ಅಂತ ಹೊರಟು ತಮಿಳಿನ ಅರ್ಥವನ್ನು ಎರವಲು ತಂದರೆ ಅದು ಅಚ್ಚಗನ್ನಡ ಹೇಗಾಗುತ್ತದೆ? ನಮ್ಮದೇ ಬೇಕಿದ್ದರೆ ‘ಕಾವು’ ಇದೆ. ಕಾಯು, ಕಾಯಿಸು, ಹಾಲು ಕಾಸು, ಎಲ್ಲಾ ಒಂದೇ ಬೇರು, ಕೋಳಿ ಕಾವಿಗೆ ಕೂರುವುದೂ ಅದೇ. ‘ಹೀರಿದ ಕಾವು’ ನನಗಂತೂ ಬಹಳ ಇಷ್ಟ, ಪಾಠ ಹೇಳುವಾಗ ಬಾಯಲ್ಲಿ ಧಾರಾಳವಾಗಿ ಬಳಸಿ. ಆದರೆ ಚಾರ್ಟ್ ನೋಡಿ ಪರೀಕ್ಷೆ ಬರೆಯುವ ಮಕ್ಕಳ ಮೇಲೆ ನಮ್ಮ ಹಟ ಹೇರಬಾರದು, ಅಲ್ವಾ? ಜೂಲ್, ಗ್ರಾಂ, ಡಿಗ್ರಿಗಳನ್ನು ಮಾತಿಲ್ಲದೆ ಒಪ್ಪಿಕೊಂಡವರಿಗೆ ‘ಉಷ್ಣ’ ಒಂದೇ ಹೊರಗಿನದಾಗಿ ಕಂಡರೆ ಅದು ತತ್ವವಲ್ಲ, ಸಂಸ್ಕೃತದ ಮೇಲಿನ ಸಿಟ್ಟು.

ಮೇಡಂ, ಜಾಗ ಉಳಿದರೆ ಇನ್ನೆರಡು ಲೋಹಗಳ ವಿಶಿಷ್ಟ ಉಷ್ಣ, ಅಲ್ಯೂಮಿನಿಯಂ 0.90, ಕಬ್ಬಿಣ 0.45 ಕೂಡ ಹಾಕಿ.